ಕಣ್ಣಿಗೆ ಚಪ್ಪಟೆ ಕಾಣುವ ಭೂಮಿ: ಒಂದು ಕಾಲುವೆ, ಮೂರು ಕೋಲು

ಇಂಗ್ಲೆಂಡಿನ ನಾರ್ಫೋಕ್ ಕಡೆ ಓಲ್ಡ್ ಬೆಡ್‌ಫರ್ಡ್ ಎಂಬ ಕಾಲುವೆ ಇದೆ. ದಾರ ಹಿಡಿದು ಗೆರೆ ಎಳೆದ ಹಾಗೆ ಆರು ಮೈಲಿ ನೇರವಾಗಿ ಹೋಗುತ್ತದೆ. 1838ರಲ್ಲಿ ಸ್ಯಾಮ್ಯುಯೆಲ್ ರೌಬಾಥಮ್ ಎಂಬಾತ ಆ ನೀರಿಗಿಳಿದ. ಕಣ್ಣು ನೀರಿನಿಂದ ಎಂಟೇ ಇಂಚು ಮೇಲಿರುವಂತೆ ದುರ್ಬೀನು ಹಿಡಿದು ನಿಂತ. ಬಾವುಟ ಕಟ್ಟಿದ ದೋಣಿಯೊಂದು ಅವನಿಂದ ದೂರ ದೂರ ಸಾಗಿತು. ಆರು ಮೈಲಿ ಆಚೆ ವೆಲ್ನಿ ಸೇತುವೆ ಮುಟ್ಟುವವರೆಗೂ ದೋಣಿ ಕಾಣುತ್ತಲೇ ಇತ್ತು ಎಂದು ಅವನು ಬರೆದ. ಹಾಗಾದರೆ ನೀರು ಬಾಗಿಲ್ಲ, ಭೂಮಿ ಚಪ್ಪಟೆ. ಇದು ಅವನ ತೀರ್ಮಾನ.

ಈಗ ನಾವು ಲೆಕ್ಕ ಮಾಡೋಣ. ಭೂಮಿ ಗುಂಡಾಗಿದ್ದರೆ ನೆಲ ಎಷ್ಟು ಇಳಿಯಬೇಕು ಎಂಬುದಕ್ಕೆ ಹಳೆಯ ಸುಲಭ ಸೂತ್ರವೊಂದಿದೆ. ದೂರವನ್ನು ಮೈಲಿಯಲ್ಲಿ ತೆಗೆದುಕೊಂಡು ವರ್ಗ ಮಾಡಿ, 8ರಿಂದ ಗುಣಿಸಿ. ಇಂಚಿನಲ್ಲಿ ಉತ್ತರ ಸಿಗುತ್ತದೆ. ಕಣ್ಣು 8 ಇಂಚು ಎತ್ತರದಲ್ಲಿದ್ದರೆ ದಿಗಂತ ಒಂದು ಮೈಲಿಗೇ ಮುಗಿಯುತ್ತದೆ. ಉಳಿದದ್ದು 5 ಮೈಲಿ. 5ರ ವರ್ಗ 25, ಅದರ ಎಂಟರಷ್ಟು 200 ಇಂಚು. ಅಂದರೆ ಹದಿನಾರು ಅಡಿಗಿಂತ ಜಾಸ್ತಿ ಮರೆಯಾಗಬೇಕು. ದೋಣಿಯ ಬಾವುಟ ಆಳೆತ್ತರವೂ ಇರಲಿಲ್ಲ. ಅದು ಕಾಣಲೇಬಾರದಿತ್ತು, ಅಲ್ವಾ?

ಇಲ್ಲಿ ಅವಸರ ಬೇಡ. ರೌಬಾಥಮ್ ಸುಳ್ಳು ಹೇಳಿದ ಎಂದು ಬದಿಗೆ ಸರಿಸಿಬಿಟ್ಟರೆ ಈ ಪಾಠದ ಒಳ್ಳೆಯ ಭಾಗವೇ ತಪ್ಪಿಹೋಗುತ್ತದೆ. ಅವನಿಗೆ ದೋಣಿ ನಿಜವಾಗಿಯೇ ಕಂಡಿರಬಹುದು.

ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುವ ಬಿಸಿಲ್ಗುದುರೆಯನ್ನು ನೆನಪಿಸಿಕೊಳ್ಳಿ. ನೆಲದ ಹತ್ತಿರದ ಗಾಳಿ ಕಾದಿರುತ್ತದೆ, ಬೆಳಕು ಮೇಲಕ್ಕೆ ಬಾಗುತ್ತದೆ. ತಣ್ಣಗಿನ ನೀರಿನ ಮೇಲೆ ಇದು ತಿರುಗುಮುರುಗು. ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಬೆಳಕು ಕೆಳಕ್ಕೆ ಬಾಗುತ್ತದೆ. ಎತ್ತರ ಹೋದಂತೆ ಮೀಟರಿಗೆ 0.1 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಬಿಸಿ ಏರುತ್ತಾ ಹೋದರೂ ಸಾಕು, ಬೆಳಕಿನ ದಾರಿ ಭೂಮಿಯ ಬಾಗಿನಷ್ಟೇ ಬಾಗಿಬಿಡುತ್ತದೆ. ಆಗ ಭೂಮಿ ಚಪ್ಪಟೆ ಇದ್ದ ಹಾಗೆಯೇ ಕಾಣುತ್ತದೆ. ನೀರಿಗೆ ಹತ್ತಿರವಾದಷ್ಟೂ ಈ ತೊಂದರೆ ಜಾಸ್ತಿ. ರೌಬಾಥಮ್ ಕಣ್ಣಿಟ್ಟದ್ದು ಎಂಟೇ ಇಂಚು ಮೇಲೆ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು.

ಬಾಜಿ ಗೆದ್ದು ಸೋತ ವಾಲೆಸ್

ರೌಬಾಥಮ್ ಊರೂರು ತಿರುಗಿ ಭಾಷಣ ಮಾಡಿದ, ಪುಸ್ತಕ ಬರೆದ. ಅದನ್ನು ಓದಿ ನಂಬಿದವರಲ್ಲಿ ಜಾನ್ ಹ್ಯಾಂಪ್ಡನ್ ಒಬ್ಬ. ನೀರು ಬಾಗಿರುವುದನ್ನು ತೋರಿಸಿದವರಿಗೆ 500 ಪೌಂಡು ಕೊಡುತ್ತೇನೆ ಎಂದು 1870ರಲ್ಲಿ ಬಾಜಿ ಕಟ್ಟಿದ. ಆ ಬಾಜಿಗೆ ಒಪ್ಪಿದ್ದು ಆಲ್‌ಫ್ರೆಡ್ ರಸೆಲ್ ವಾಲೆಸ್. ಹೌದು, ಡಾರ್ವಿನ್ ಜೊತೆಜೊತೆಗೆ ಜೀವವಿಕಾಸದ ಗುಟ್ಟು ಕಂಡುಕೊಂಡ ಅದೇ ವಾಲೆಸ್. ಚಿಕ್ಕ ವಯಸ್ಸಿನಲ್ಲಿ ಅವನು ಸರ್ವೆ ಕೆಲಸ ಮಾಡಿದ್ದ. ನೀರಿನ ಹತ್ತಿರ ಬೆಳಕು ಹೇಗೆ ಮೋಸ ಮಾಡುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅದೇ ಕಾಲುವೆ. ವಾಲೆಸ್ ದೂರದರ್ಶಕವನ್ನು ನೀರಿನಿಂದ ಹದಿಮೂರು ಅಡಿಗೂ ಮೇಲೆ, ಸೇತುವೆಯ ಮೇಲಿಟ್ಟ. ಆರು ಮೈಲಿ ಆಚೆಯ ಸೇತುವೆಗೆ ಅಷ್ಟೇ ಎತ್ತರದಲ್ಲಿ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಕಪ್ಪು ಪಟ್ಟಿ ಹಾಕಿಸಿದ. ಸರಿಯಾಗಿ ನಡುವೆ ಒಂದು ಕಂಬ, ಅದರ ಮೇಲೆ ಅಷ್ಟೇ ಎತ್ತರದಲ್ಲಿ ಒಂದು ತಟ್ಟೆ. ನೀರು ಚಪ್ಪಟೆಯಾಗಿದ್ದರೆ ತಟ್ಟೆಯೂ ಪಟ್ಟಿಯೂ ಒಂದೇ ಸಾಲಿನಲ್ಲಿ ಕಾಣಬೇಕು. ನೀರು ಉಬ್ಬಿದ್ದರೆ ನಡುವಿನ ತಟ್ಟೆ ಮೇಲೆದ್ದು ಕಾಣಬೇಕು. ಮೇಲೆದ್ದೇ ಕಂಡಿತು. ತೀರ್ಪುಗಾರನಾಗಿದ್ದ ಪತ್ರಿಕಾ ಸಂಪಾದಕ ವಾಲೆಸ್ ಗೆದ್ದ ಎಂದ.

ನಾನು ಎರಡೆರಡು ಸಲ ಓದಿದ್ದು ಇದರ ಮುಂದಿನ ಭಾಗವನ್ನು. ಹ್ಯಾಂಪ್ಡನ್ ಕಡೆಯಿಂದ ಬಂದಿದ್ದ ವಿಲಿಯಂ ಕಾರ್ಪೆಂಟರ್ ಅದೇ ನೋಟ ನೋಡಿ, ಭೂಮಿ ಚಪ್ಪಟೆ ಎಂದು ಸಾಬೀತಾಯಿತು ಎಂದ. ಹ್ಯಾಂಪ್ಡನ್ ದೂರದರ್ಶಕದಲ್ಲಿ ಕಣ್ಣಿಡಲೇ ಇಲ್ಲ. ತನಗೆ ಕಾರ್ಪೆಂಟರ್ ಮೇಲೆ ಪೂರ್ತಿ ನಂಬಿಕೆ ಎಂದ. ನಿಮ್ಮ ಕಣ್ಣನ್ನು ಮಾತ್ರ ನಂಬಿ ಎನ್ನುವ ವಾದಕ್ಕೆ 500 ಪೌಂಡು ಇಟ್ಟವನು, ಕಣ್ಣೆದುರು ದೂರದರ್ಶಕ ಇದ್ದಾಗ ಬೇರೆಯವರ ಮಾತನ್ನು ನಂಬಿದ! ಆಮೇಲೆ ವರ್ಷಗಟ್ಟಲೆ ವಾಲೆಸ್‌ಗೆ ಬೈಗುಳದ ಪತ್ರಗಳು. ಅವನ ಹೆಂಡತಿಗೂ ಬೆದರಿಕೆ ಪತ್ರ. ಹ್ಯಾಂಪ್ಡನ್ ಮಾನನಷ್ಟದ ಕೇಸಿನಲ್ಲಿ ಜೈಲಿಗೂ ಹೋದ. ಆದರೆ ಬಾಜಿಯ ಹಣ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ನ್ಯಾಯಾಲಯ ಹೇಳಿದ್ದರಿಂದ ಆ ಹಣ ವಾಲೆಸ್‌ಗೆ ದಕ್ಕಲಿಲ್ಲ. ಒಳ್ಳೆಯ ಪ್ರಯೋಗವೊಂದು ಎದುರಿನವರ ಮನಸ್ಸು ಬದಲಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಹಾಗಾಗಲಿಲ್ಲ.

ಚಪ್ಪಟೆ ಕಾಣುವುದು ತಪ್ಪಲ್ಲ

ಬಿ.ಎಡ್. ಪಾಠದ ಅಭ್ಯಾಸಕ್ಕೆ ಹೋಗಿದ್ದ ಶಾಲೆಯಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಭೂಮಿಯ ಚಿತ್ರ ಬರೆಯಲು ಹೇಳಿದೆ. ಎಲ್ಲರೂ ಗುಂಡಗೆ ಬರೆದರು. ನೀವು ಎಲ್ಲಿದ್ದೀರಿ ತೋರಿಸಿ ಎಂದೆ. ಒಬ್ಬ ಹುಡುಗ ವೃತ್ತದ ಒಳಗೆ ಅಡ್ಡಗೆರೆ ಎಳೆದ. ಗೆರೆಯ ಮೇಲೆ ಮನೆ, ತೆಂಗಿನಮರ, ಅಪ್ಪ, ಅಮ್ಮ. ಮೇಲೆ ಉಳಿದ ಅರ್ಧದಲ್ಲಿ ಸೂರ್ಯ, ಮೋಡ. "ಟೀಚರ್, ನಾವು ಉಂಡೆಯ ಒಳಗೆ ಇರೋದಲ್ವಾ? ಹೊರಗಿದ್ರೆ ಬಿದ್ದೋಗ್ತೀವಿ" ಎಂದ.

ಆ ಹುಡುಗ ಪುಸ್ತಕದ ಮಾತನ್ನೂ ಬಿಟ್ಟಿಲ್ಲ, ತನ್ನ ಕಣ್ಣನ್ನೂ ಬಿಟ್ಟಿಲ್ಲ. ಎರಡನ್ನೂ ಸೇರಿಸಿ ಹೊಲಿದಿದ್ದಾನೆ. 1992ರಲ್ಲಿ ವೊಸ್ನಿಯಾಡೊ ಮತ್ತು ಬ್ರೂವರ್ ಎಂಬ ಸಂಶೋಧಕರು ಅಮೆರಿಕದ ಮಕ್ಕಳಲ್ಲಿ ಕಂಡದ್ದೂ ಇಂಥದ್ದೇ: ಟೊಳ್ಳು ಉಂಡೆಯೊಳಗೆ ಸಮತಟ್ಟು ನೆಲ, ಅಥವಾ ಎರಡು ಭೂಮಿ, ಒಂದು ಕಾಲ ಕೆಳಗೆ, ಇನ್ನೊಂದು ಆಕಾಶದಲ್ಲಿ. ನಂತರ ಹೈದರಾಬಾದಿನ ಮಕ್ಕಳನ್ನು ಕೇಳಿದಾಗ ಭೂಮಿ ನೀರಿನ ಮೇಲೆ ತೇಲುತ್ತದೆ ಎಂಬ ಉತ್ತರವೂ ಬಂತು. ಮನೆಯಲ್ಲಿ ಕೇಳಿದ ಕಥೆಯೂ ಮಗುವಿನ ಭೂಮಿಯೊಳಗೆ ಸೇರಿಕೊಳ್ಳುತ್ತದೆ.

ಕಣ್ಣಿಗೆ ಯಾಕೆ ಚಪ್ಪಟೆ ಕಾಣುತ್ತದೆ ಎನ್ನುವುದಕ್ಕೆ ಎರಡನೇ ಭಾಸ್ಕರಾಚಾರ್ಯ 1150ರ 'ಸಿದ್ಧಾಂತ ಶಿರೋಮಣಿ'ಯಲ್ಲೇ ಉತ್ತರ ಕೊಟ್ಟಿದ್ದಾನೆ. ವೃತ್ತದ ಸುತ್ತಳತೆಯ ನೂರನೇ ಒಂದು ಪಾಲು ಸಮವಾಗಿಯೇ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಚಿಕ್ಕವ, ಹಾಗಾಗಿ ಅವನಿಗೆ ಎಲ್ಲವೂ ಸಮ ಎನಿಸುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ನೂರನೇ ಪಾಲು 400 ಕಿ.ಮೀ. ರಸ್ತೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋದರೂ ಅಷ್ಟಾಗುವುದಿಲ್ಲ. ಇನ್ನು ಕಡಲ ತೀರದಲ್ಲಿ ನಿಂತ ನಮ್ಮ ಕಣ್ಣಿಗೆ ದಿಗಂತ ಬರೀ ನಾಲ್ಕೂವರೆ ಕಿ.ಮೀ. ಆಚೆ. ಅಷ್ಟರಲ್ಲಿ ಬಾಗು ಎಲ್ಲಿ ಕಾಣಬೇಕು?

ಭಾಸ್ಕರನಿಗಿಂತ ಹಿಂದಿನ ಖಗೋಳಶಾಸ್ತ್ರಜ್ಞ ಲಲ್ಲ ಕೇಳಿದ ಪ್ರಶ್ನೆ ನನಗೆ ಇನ್ನೂ ಇಷ್ಟ. ಭೂಮಿ ಸಮವಾಗಿದ್ದರೆ ತಾಳೆಯಂಥ ಎತ್ತರದ ಮರಗಳು ಬಹಳ ದೂರದಿಂದಲೂ ಯಾಕೆ ಕಾಣುವುದಿಲ್ಲ? ಮರ ನೋಡಿ ಬೆಳೆದವನು ಮಾತ್ರ ಕೇಳಬಹುದಾದ ಪ್ರಶ್ನೆ ಅದು.

ಎರಡು ಕೋಲು ಸಾಲದು

ನಾವು ತರಗತಿಯಲ್ಲಿ ಕಲಿಯುವ ಸಾಕ್ಷ್ಯ ಪ್ರಾಚೀನ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸ್‌ನದು. ಎರಡು ಊರು, ಎರಡು ನೆರಳು, ಭೂಮಿ ಗುಂಡು. ಚಪ್ಪಟೆವಾದಿಗಳು ಇದನ್ನು ಒಪ್ಪುವುದಿಲ್ಲ. ಭೂಮಿ ಸಮವಾಗಿದ್ದು, ಸೂರ್ಯ ಕೆಲವು ಸಾವಿರ ಕಿ.ಮೀ. ಎತ್ತರದಲ್ಲೇ ಇದ್ದರೂ ಎರಡು ಊರಿನ ನೆರಳು ಬೇರೆ ಬೇರೆ ಬರುತ್ತದೆ ಎನ್ನುತ್ತಾರೆ. ಅವರು ಹೇಳುವುದು ಸರಿ! ಎರಡು ಕೋಲಿನಿಂದ ಮಾತ್ರ ಈ ಜಗಳ ಬಗೆಹರಿಯುವುದಿಲ್ಲ. ಎರಾಟೋಸ್ತನೀಸ್ ಭೂಮಿ ಗುಂಡು ಎಂದು ಮೊದಲೇ ಇಟ್ಟುಕೊಂಡು ಅದರ ಗಾತ್ರ ಅಳೆದ.

ಮೂರನೇ ಕೋಲು ನೆಡೋಣ. ಮಾರ್ಚ್ 20ರ ಆಸುಪಾಸು ಸೂರ್ಯ ಸಮಭಾಜಕದ ನೆತ್ತಿಯ ಮೇಲೆ ಇರುತ್ತಾನೆ. ಅಂದು ನಡುಹಗಲಿಗೆ ಒಂದು ಮೀಟರ್ ಕೋಲಿನ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂ.ಮೀ., ದೆಹಲಿಯಲ್ಲಿ ಸುಮಾರು 55, ಲಂಡನ್ನಿನಲ್ಲಿ ಸುಮಾರು 126. ಸಮಭಾಜಕದಿಂದ ಈ ಊರುಗಳ ದೂರ ಸುಮಾರು 1,445, 3,180 ಮತ್ತು 5,730 ಕಿ.ಮೀ. ಭೂಮಿ ಚಪ್ಪಟೆ ಎಂದಿಟ್ಟುಕೊಂಡರೆ ಸೂರ್ಯನ ಎತ್ತರ ಹೀಗೆ ಬರುತ್ತದೆ: ನೆರಳನ್ನು ಮೀಟರಿನಲ್ಲಿ ಬರೆದು, ಕಿ.ಮೀ. ದೂರವನ್ನು ಅದರಿಂದ ಭಾಗಿಸಿ. ಬೆಂಗಳೂರಿನ ಲೆಕ್ಕಕ್ಕೆ ಸೂರ್ಯ ಸುಮಾರು 6,300 ಕಿ.ಮೀ. ಮೇಲೆ. ದೆಹಲಿಯ ಲೆಕ್ಕಕ್ಕೆ 5,800. ಲಂಡನ್ನಿನ ಲೆಕ್ಕಕ್ಕೆ 4,550. ಒಬ್ಬನೇ ಸೂರ್ಯ, ಒಂದೇ ದಿನ, ಮೂರು ಎತ್ತರ. ಭೂಮಿ ಗುಂಡು ಎಂದಿಟ್ಟುಕೊಂಡು ನೋಡಿ, ಮೂರೂ ಊರಿನಲ್ಲಿ ಸೂರ್ಯ ನೆತ್ತಿಯಿಂದ ಸರಿದ ಒಂದೊಂದು ಡಿಗ್ರಿಗೆ 111 ಕಿ.ಮೀ. ಎಂದೇ ಬರುತ್ತದೆ.

ಈ ಲೆಕ್ಕ ಮಾಡುವವರೆಗೆ ನಾನೂ ಭೂಮಿ ಗುಂಡು ಎಂದು ನಂಬಿದ್ದೆ, ಅಷ್ಟೇ. ಟೀಚರ್ ಹೇಳಿದ್ದರು, ಪುಸ್ತಕದಲ್ಲಿತ್ತು. ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಇದೇ ಅನಿಸುತ್ತದೆ. "ನೀವೇ ಪರೀಕ್ಷೆ ಮಾಡಿ ನೋಡಿದ್ದೀರಾ?" ಎಂದು ಚಪ್ಪಟೆವಾದಿ ಕೇಳಿದಾಗ ನಾವು ತಡವರಿಸುವುದು ಅದಕ್ಕೇ. ಆ ತಡವರಿಕೆಯೇ ಅವರಿಗೆ ಸಾಕ್ಷಿಯ ಹಾಗೆ ಕಾಣುತ್ತದೆ.

ಯಾರನ್ನು ನಂಬುವುದು

ಅಮೆರಿಕದಲ್ಲಿ 2017 ಮತ್ತು 2018ರಲ್ಲಿ ಚಪ್ಪಟೆವಾದಿಗಳ ಸಮ್ಮೇಳನಗಳು ನಡೆದವು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಆಶ್ಲಿ ಲ್ಯಾಂಡ್ರಮ್ ಅವರ ತಂಡ ಅಲ್ಲಿಗೆ ಬಂದಿದ್ದ 30 ಮಂದಿಯನ್ನು ಮಾತನಾಡಿಸಿತು. ಒಬ್ಬರನ್ನು ಬಿಟ್ಟು ಎಲ್ಲರೂ ಯೂಟ್ಯೂಬ್ ವಿಡಿಯೊ ನೋಡಿ ಮನಸ್ಸು ಬದಲಿಸಿದವರು. ಆ ಒಬ್ಬರಿಗೂ ಹೇಳಿದ್ದು ವಿಡಿಯೊ ನೋಡಿದ ಮಗಳು ಮತ್ತು ಅಳಿಯ. ಹಲವರು ಮೊದಲು ಬೇರೆ ಪಿತೂರಿಗಳ ವಿಡಿಯೊ ನೋಡುತ್ತಿದ್ದರು. ಅದರ ಬೆನ್ನಿಗೆ ಇದು ಬಂತು. ಸರ್ಕಾರ ಒಂದು ವಿಷಯದಲ್ಲಿ ಸುಳ್ಳು ಹೇಳಿದರೆ ಇನ್ನೊಂದರಲ್ಲಿ ಯಾಕೆ ಹೇಳಬಾರದು? ಹೀಗೆ ಶುರುವಾದ ಅನುಮಾನ ನಾಸಾದ ಫೋಟೊಗೂ, ಕೊನೆಗೆ ಭೂಮಿಗೂ ಬರುತ್ತದೆ. ಭೂಮಿಯ ಆಕಾರ ಅವರಿಗೆ ಕೊನೆಯ ಮೆಟ್ಟಿಲು. ನಾವು ಆ ಕೊನೆಯ ಮೆಟ್ಟಿಲಿಗೇ ಹೋಗಿ ವಾದ ಮಾಡುತ್ತೇವೆ, ಕೆಳಗಿನ ಮೆಟ್ಟಿಲುಗಳನ್ನು ಕೇಳುವುದೇ ಇಲ್ಲ.

ಅವರು ಪ್ರಯೋಗ ಮಾಡುವುದಿಲ್ಲ ಎನ್ನುವುದೂ ಸರಿಯಲ್ಲ. 2018ರ ಸಾಕ್ಷ್ಯಚಿತ್ರವೊಂದರಲ್ಲಿ ಅವರದೇ ಗುಂಪು ಸುಮಾರು 20,000 ಡಾಲರಿನ ಲೇಸರ್ ಗೈರೊಸ್ಕೋಪ್, ಅಂದರೆ ತಿರುಗುವಿಕೆ ಅಳೆಯುವ ಉಪಕರಣ, ತಂದಿಟ್ಟಿತು. ಭೂಮಿ ತಿರುಗುತ್ತಿದ್ದರೆ ಅದು ಗಂಟೆಗೆ 15 ಡಿಗ್ರಿ ತೋರಿಸಬೇಕು. 15 ಡಿಗ್ರಿಯೇ ತೋರಿಸಿತು. ಅದನ್ನು ಒಪ್ಪದೆ, ಇದು ಆಕಾಶದಿಂದ ಬರುವ ಯಾವುದೋ ಶಕ್ತಿಯ ಪ್ರಭಾವ ಎಂದು ಅದನ್ನು ತಡೆಯುವ ದಾರಿ ಹುಡುಕಿದರು. ಮೊದಲೇ ಬೇಡವೆಂದಿಟ್ಟ ಉತ್ತರ ಬಂದಾಗ ಹೀಗಾಗುತ್ತದೆ. ನಾವು ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ದಾಗ ಮಾಡುವುದನ್ನೂ ಒಮ್ಮೆ ನೆನಪಿಸಿಕೊಳ್ಳಿ.

ಒಪ್ಪಿದವರೂ ಇದ್ದಾರೆ. ಚಪ್ಪಟೆವಾದಿಗಳ ನಕ್ಷೆಯಲ್ಲಿ ಉತ್ತರ ಧ್ರುವ ನಡುವೆ ಇರುತ್ತದೆ, ಅಂಟಾರ್ಕ್ಟಿಕಾ ಸುತ್ತಲೂ ಹಿಮದ ಗೋಡೆ. ಆ ನಕ್ಷೆಯ ಪ್ರಕಾರ ಅಲ್ಲಿ 24 ಗಂಟೆಯೂ ಸೂರ್ಯ ಕಾಣುವುದು ಸಾಧ್ಯವಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೊಲರಾಡೊದ ಪಾದ್ರಿ ವಿಲ್ ಡಫಿ ಕೆಲವು ಚಪ್ಪಟೆವಾದಿಗಳನ್ನೂ ಗೋಳವಾದಿಗಳನ್ನೂ ಅಂಟಾರ್ಕ್ಟಿಕಾಕ್ಕೆ ಕರೆದೊಯ್ದರು. ಸೂರ್ಯ ಮುಳುಗದೆ ಸುತ್ತು ಹಾಕಿದ. ವರ್ಷಗಟ್ಟಲೆ ಚಪ್ಪಟೆವಾದ ಹೇಳಿದ್ದ ಜೆರನ್ ಕ್ಯಾಂಪನೆಲ್ಲಾ ಅಲ್ಲೇ ಕ್ಯಾಮೆರಾ ಮುಂದೆ, ಈ ವಿಷಯದಲ್ಲಿ ನಾನು ತಪ್ಪಿದ್ದೆ ಎಂದರು. ಇಷ್ಟು ಹೇಳಿದ್ದಕ್ಕೇ ತನ್ನನ್ನು ಮಾರಿಕೊಂಡವನು ಎನ್ನುತ್ತಾರೆಂದು ಗೊತ್ತು ಎಂದೂ ಹೇಳಿದರು. ಇತ್ತ ಊರಲ್ಲಿ ಉಳಿದಿದ್ದ ಕೆಲವರು ಇಡೀ ವಿಡಿಯೊವನ್ನು ಸ್ಟುಡಿಯೊದಲ್ಲಿ ತೆಗೆದದ್ದು ಎಂದರು. ಸ್ನೇಹಿತರು, ಮರ್ಯಾದೆ, ಹೊಟ್ಟೆಪಾಡು ಎಲ್ಲವೂ ಒಂದು ನಂಬಿಕೆಗೆ ಅಂಟಿಕೊಂಡಿರುವಾಗ ತಪ್ಪಾಯಿತು ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು! ಕ್ಯಾಂಪನೆಲ್ಲಾ ಅವರ ಬಗ್ಗೆ ನನಗೆ ಗೌರವವಿದೆ.

ಬರುವ ಮಾರ್ಚ್ 20ಕ್ಕೆ ನಮ್ಮ ಮಕ್ಕಳ ಜೊತೆ ಉಡುಪಿಯಲ್ಲಿ ಕೋಲು ನೆಡುತ್ತಿದ್ದೇನೆ. ಇಲ್ಲಿ ಸರಿಯಾದ ನಡುಹಗಲು ಹನ್ನೆರಡಕ್ಕಲ್ಲ, ಸುಮಾರು 12.38ಕ್ಕೆ. ಬೆಂಗಳೂರಿನಲ್ಲಿ 12.27ರ ಹತ್ತಿರ. ಗಡಿಯಾರ ನೋಡಿ ಅಳೆಯಬೇಡಿ, ಹನ್ನೆರಡರಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಚಿಕ್ಕದನ್ನು ತೆಗೆದುಕೊಳ್ಳಿ. ಕೋಲು ನೆಟ್ಟಗಿದೆಯೇ ಎಂದು ಗಾರೆ ಕೆಲಸದವರ ತೂಗುಗುಂಡಿನಿಂದ ನೋಡಿ. ಕಲಬುರಗಿಯಲ್ಲಿರುವವರಿಗೆ ಸುಮಾರು 31 ಸೆಂ.ಮೀ. ಬರಬೇಕು. ನಮಗೆ 24ರ ಹತ್ತಿರ. ಉಂಡೆಯೊಳಗೆ ಮನೆ ಬರೆದ ಹುಡುಗನಿಗೆ ಟೇಪು ಹಿಡಿಯುವ ಕೆಲಸ ಕೊಟ್ಟಿದ್ದೇನೆ. ಎಷ್ಟು ಬರುತ್ತದೆ ಎಂದು ಅವನಿಗೆ ಮೊದಲೇ ಹೇಳಿಲ್ಲ.