ಅಜ್ಜಿಯ ಹಾಡನ್ನು ಅಜ್ಜಿಯಿಂದಲೇ ಕಲಿಯಿರಿ

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. 1991ರಿಂದ ಆಚರಿಸಿಕೊಂಡು ಬಂದಿದ್ದೇವೆ. ಆ ದಿನ ಎಷ್ಟೋ ವೃದ್ಧಾಶ್ರಮಗಳಲ್ಲಿ ಮೈಕ್ ಕಟ್ಟಿ, ಮಕ್ಕಳು ಕೈಬಿಟ್ಟ ತಾಯಿಯ ಗೋಳಿನ ಹಾಡು ಹಾಡಿಸುತ್ತಾರೆ. ಹಾಡುವವರ ಮನಸ್ಸು ಒಳ್ಳೆಯದೇ. ಆದರೆ ಎದುರಿಗೆ ಕೂತ ಹಿರಿಯರು ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ನರ್ಸ್ ನಾನು. ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಅವರು ತಲೆ ಎತ್ತುವುದು ತಾವೇ ಹಾಡಿಕೊಂಡು ಬಂದ ಹಾಡು ಕಿವಿಗೆ ಬಿದ್ದಾಗ.

ಯಾವ ಹಾಡು? 10ರಿಂದ 25 ವಯಸ್ಸಿನೊಳಗೆ ಮನಸ್ಸಿಗೆ ಹತ್ತಿದ್ದು ಜಾಸ್ತಿ ಕಾಲ ಉಳಿಯುತ್ತದೆ. ಈಗ 80 ದಾಟಿದವರಿಗೆ ಅದು 1950, 60ರ ದಶಕ. ಪೇಟೆಯವರಾದರೆ ರೇಡಿಯೋ, 1954ರ 'ಬೇಡರ ಕಣ್ಣಪ್ಪ'ನಿಂದ ಈಚೆಗಿನ ಸಿನಿಮಾ ಹಾಡು. ಭಜನೆಯ ಮನೆಯಾದರೆ ಪುರಂದರದಾಸರ ಪದ, ವಚನ, ಶರೀಫರ ತತ್ವಪದ. ಹಳ್ಳಿಯ ಹೆಣ್ಣುಮಕ್ಕಳಾದರೆ ಸೋಬಾನೆ, ಬೀಸುವ ಪದ. ಮಕ್ಕಳಿಗೆ ಇದು ಗೊತ್ತಿರುವುದು ಕಡಿಮೆ. ತಂಗಿಯನ್ನೋ ಓರಗಿತ್ತಿಯನ್ನೋ ಕೇಳಿ, ಥಟ್ ಅಂತ ಹೇಳುತ್ತಾರೆ.

ಬೀಸುವ ಪದದ ಗುಣವೇ ಬೇರೆ. ಮೂರು ಸಾಲಿನ ತ್ರಿಪದಿ, ಕಲ್ಲು ಸುತ್ತುವ ಲಯ. ಅದನ್ನು ಬಾಯಿಯ ಜೊತೆ ಕೈಯೂ ಕಲಿತಿರುತ್ತದೆ. ಸ್ನಾನ ಎಂದರೆ ಹೊಡೆಯಲು ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಗಂಡನ ಹೆಸರೂ ಮರೆತಿತ್ತು. ಗದಗದ ಕಡೆಯ ನಮ್ಮ ಆಯಾ ಒಮ್ಮೆ ಬೆನ್ನಿಗೆ ಬಿಸಿನೀರು ಹಾಕುತ್ತ ಬೀಸುವ ಪದ ಎತ್ತಿಕೊಂಡರು. ಅಜ್ಜಿಯ ಬಲಗೈ ಗೂಟ ಹಿಡಿದಂತೆ ಮುಷ್ಟಿಯಾಯಿತು, ಮೆಲ್ಲಗೆ ಸುತ್ತತೊಡಗಿತು. ಎರಡನೇ ಸಾಲಿಗೆ, 'ಹಂಗಲ್ಲವಾ, ತಪ್ಪಿದಿ' ಎಂದು ಆಯಾರನ್ನು ತಿದ್ದಿ, ತಾವೇ ಪೂರ್ತಿ ಹಾಡಿದರು! ಎಲ್ಲರಿಂದ ಹೇಳಿಸಿಕೊಳ್ಳುತ್ತಿದ್ದವರು ಅವತ್ತು ಇನ್ನೊಬ್ಬರಿಗೆ ಕಲಿಸಿದರು. ಇದಕ್ಕಿಂತ ದೊಡ್ಡ ಸನ್ಮಾನ ಯಾವ ಶಾಲು ಹೊದಿಸಿದರೂ ಸಿಗುವುದಿಲ್ಲ.

ಆಲ್‌ಝೈಮರ್ ಕಾಯಿಲೆಯಲ್ಲಿ ಹಳೆಯ ಹಾಡಿನ ನೆನಪಿಗೆ ಬೇಕಾದ ಮೆದುಳಿನ ಕೆಲವು ಭಾಗಗಳು ಉಳಿದವಕ್ಕಿಂತ ನಿಧಾನವಾಗಿ ಸವೆಯುತ್ತವೆ ಎಂದು 2015ರಲ್ಲಿ ಜರ್ಮನಿಯ ಅಧ್ಯಯನವೊಂದು ತೋರಿಸಿತು. ಬೆಳಗಿನ ಆರೈಕೆಯ ಹೊತ್ತಿಗೆ ನೋಡಿಕೊಳ್ಳುವವರೇ ಹಾಡಿದರೆ ಹಿರಿಯರ ಪ್ರತಿರೋಧ ತಗ್ಗುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕರೂ ಕಂಡಿದ್ದಾರೆ. ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ. ಸ್ನಾನ, ಊಟ, ಬಟ್ಟೆ ಬದಲಿಸುವುದು ಸಲೀಸಾಗುತ್ತದೆ, ಅಷ್ಟೇ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಅದೇನು ಸಣ್ಣದಲ್ಲ, ಅಲ್ವಾ?

ನಿಮ್ಮ ಕಂಠ ಚೆನ್ನಾಗಿರಬೇಕಿಲ್ಲ. ಟಿವಿ ಆರಿಸಿ, ಎದುರು ಕೂತು ನಿಧಾನವಾಗಿ, ತಗ್ಗಿದ ಶ್ರುತಿಯಲ್ಲಿ ಹಾಡಿ. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದೇ ತಾರದ ಸ್ವರ. 'ಮುಂದಿನ ಸಾಲು ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡಬೇಡಿ. ಸ್ವಲ್ಪ ಕಾಯಿರಿ, ಬರದಿದ್ದರೆ ನೀವೇ ಮುಂದುವರಿಸಿ. ಮುಖ ಬಾಡಿದರೆ ಅಲ್ಲಿಗೇ ನಿಲ್ಲಿಸಿ. ಆ ಹಾಡಿಗೆ ಯಾವುದೋ ಸಾವು ಅಂಟಿಕೊಂಡಿರಬಹುದು. ಅಂಥ ಹಾಡಿನ ಹೆಸರನ್ನು ಔಷಧಿ ಚೀಟಿಯ ಪಕ್ಕದಲ್ಲೇ ಬರೆದಿಡಿ, ರಾತ್ರಿ ಪಾಳಿಗೆ ಬರುವವರಿಗೂ ಗೊತ್ತಾಗಲಿ.