ಪ್ರೋಟೀನು ಸರಿಯಾಗಿಯೇ ಇದ್ದರೂ ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ಆನುವಂಶಿಕ ಕಾಯಿಲೆ ಎಂದರೆ ಯಾವುದೋ ಪ್ರೋಟೀನು ಕೆಟ್ಟಿರುತ್ತದೆ, ಇಲ್ಲವೇ ತಯಾರೇ ಆಗುವುದಿಲ್ಲ ಎಂದು ಓದಿದ್ದೇವೆ. ಒಳ್ಳೆಯ ಪ್ರೋಟೀನು ಜೀವಕೋಶದೊಳಗೆ ತಪ್ಪು ಜಾಗಕ್ಕೆ ಹೋದರೂ ಕಾಯಿಲೆ ಬರುತ್ತದಂತೆ. ನಿಜವೇ?

ಉತ್ತರ: ನಿಜ. ಐ-ಸೆಲ್ ಕಾಯಿಲೆಯನ್ನೇ ನೋಡಿ. ಬಹಳ ಅಪರೂಪದ್ದು, ಕ್ರೂರವಾದದ್ದು. ಮಗುವಿನ ವಸಡು ದಪ್ಪವಾಗುತ್ತದೆ, ಕೀಲುಗಳು ಬಿಗಿಯುತ್ತವೆ, ಮೂಳೆಗಳು ಸೊಟ್ಟಗಾಗುತ್ತವೆ, ಬೆಳವಣಿಗೆ ನಿಂತುಹೋಗುತ್ತದೆ. ಹೆಚ್ಚಿನ ಮಕ್ಕಳು ಹತ್ತು ವರ್ಷ ದಾಟುವುದಿಲ್ಲ. 1967ರಲ್ಲಿ ಲೆರಾಯ್ ಮತ್ತು ಡಿಮಾರ್ಸ್ ಇಂಥ ಮಗುವಿನ ಚರ್ಮದ ಜೀವಕೋಶಗಳನ್ನು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಒಳಗೆಲ್ಲ ಕಪ್ಪು ಕಾಳುಗಳು ತುಂಬಿಕೊಂಡಿದ್ದವು. ಅವು ಉಬ್ಬಿದ ಲೈಸೋಸೋಮುಗಳು.

ಲೈಸೋಸೋಮು ಜೀವಕೋಶದ ತಿಪ್ಪೆಗುಂಡಿ ಎನ್ನುತ್ತಾರೆ. ನನಗೆ ಅದು ಹೊಟ್ಟೆಯಂತೆ ಕಾಣುತ್ತದೆ: ಒಳಗೆ ಹುಳಿ, ಸುಮಾರು 60 ಬಗೆಯ ಕಿಣ್ವಗಳು, ಹಳೆಯ ಸಾಮಾನನ್ನೆಲ್ಲ ಅರೆದು ಕರಗಿಸುವ ಕೆಲಸ. ಈ ಮಕ್ಕಳಲ್ಲಿ ಅದು ಕರಗದೆ ತುಂಬಿಕೊಂಡಿತ್ತು. ಹಾಗಾದರೆ ಕಿಣ್ವ ತಯಾರಾಗುತ್ತಿಲ್ಲ ಎಂದು ಯಾರಾದರೂ ಹೇಳಿಯಾರು. ಆದರೆ ರಕ್ತ ಪರೀಕ್ಷೆ ಮಾಡಿದರೆ ಅದೇ ಕಿಣ್ವಗಳು ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ಕೆಲಸ ಮಾಡುವ ಸ್ಥಿತಿಯಲ್ಲೇ ಇವೆ, ಆದರೆ ಹುಳಿಯಿಲ್ಲದ ರಕ್ತದಲ್ಲಿ ಅವಕ್ಕೆ ಮಾಡಲು ಕೆಲಸವಿಲ್ಲ.

1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಇದಕ್ಕೊಂದು ಸೊಗಸಾದ ಪರೀಕ್ಷೆ ಮಾಡಿದರು. ಆರೋಗ್ಯವಂತರ ಜೀವಕೋಶ ಹೊರಬಿಟ್ಟ ಕಿಣ್ವವನ್ನು ರೋಗಿಯ ಜೀವಕೋಶಕ್ಕೆ ಕೊಟ್ಟರೆ ಅದು ಸಲೀಸಾಗಿ ಒಳಗೆಳೆದುಕೊಂಡಿತು. ರೋಗಿಯ ಜೀವಕೋಶ ಬಿಟ್ಟ ಕಿಣ್ವವನ್ನು ಮಾತ್ರ ಬೇರೆ ಜೀವಕೋಶಗಳು ಮೂಸಿಯೂ ನೋಡಲಿಲ್ಲ. ಅಂದರೆ ಬಾಗಿಲು ಸರಿಯಿದೆ, ಕಿಣ್ವದ ಮೇಲೆ ಇರಬೇಕಾದ ಯಾವುದೋ ಗುರುತು ಇಲ್ಲ.

ಹಿಂದೆ ಮಡಿವಾಳರು ಗುಡ್ಡೆಗೇರಿನ ರಸದಿಂದ ಬಟ್ಟೆಯ ಮೂಲೆಯಲ್ಲಿ ಹಾಕುತ್ತಿದ್ದ ಕರಿ ಚುಕ್ಕೆ ನೆನಪಿದೆಯೇ? ಊರಿನ ಬಟ್ಟೆಯೆಲ್ಲ ಒಟ್ಟಿಗೆ ಒಗೆದರೂ ಆ ಚುಕ್ಕೆ ನೋಡಿಯೇ ಯಾರ ಮನೆಯದೆಂದು ವಿಂಗಡಿಸುತ್ತಿದ್ದರು. ಗಾಲ್ಜಿ ಎಂಬ ಭಾಗದಲ್ಲಿ ಒಂದು ಕಿಣ್ವಕ್ಕೆ ಇದೇ ಉದ್ಯೋಗ: ಲೈಸೋಸೋಮಿಗೆ ಹೋಗಬೇಕಾದ ಪ್ರೋಟೀನಿನ ಸಕ್ಕರೆಯ ತುದಿಗೆ ಫಾಸ್ಫೇಟಿನ ಚುಕ್ಕೆ ಇಡುವುದು. ಆ ಗುರುತಿನ ಹೆಸರು ಮ್ಯಾನೋಸ್-6-ಫಾಸ್ಫೇಟ್. 1977ರಲ್ಲಿ ವಿಲಿಯಂ ಸ್ಲೈ ಮತ್ತು ಸಂಗಡಿಗರು ಇದನ್ನು ಪತ್ತೆಹಚ್ಚಿದರು. ಐ-ಸೆಲ್ ಮಕ್ಕಳಲ್ಲಿ ಚುಕ್ಕೆ ಇಡುವವನೇ ಇಲ್ಲ. ಗುರುತಿಲ್ಲದ ಸರಕನ್ನು ಜೀವಕೋಶ ಹೊರಗೆ ಸಾಗಹಾಕುತ್ತದೆ. (ಯಕೃತ್ತಿನ ಜೀವಕೋಶಗಳಲ್ಲಿ ಮಾತ್ರ ಕಿಣ್ವಗಳು ಹೆಚ್ಚೂಕಮ್ಮಿ ಸರಿಯಾಗಿಯೇ ಇರುತ್ತವೆ. ಅಲ್ಲಿ ಬೇರೊಂದು ದಾರಿಯೂ ಇದೆ.)

ತಂದೆ ತಾಯಿ ಇಬ್ಬರಲ್ಲೂ ಚುಕ್ಕೆ ಇಡುವ ಕಿಣ್ವದ ಜೀನಿನ ಒಂದೊಂದು ಪ್ರತಿ ಕೆಟ್ಟಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಸೋದರಮಾವನ ಮದುವೆ ಇನ್ನೂ ಚಾಲ್ತಿಯಲ್ಲಿರುವ ನಮ್ಮ ಕಡೆ ಈ ಮಾತನ್ನು ಹೇಳಲೇಬೇಕು.

ಈ ಚುಕ್ಕೆಯ ಅರಿವಿನಿಂದ ಲಾಭವಾದದ್ದು ಬೇರೆಯವರಿಗೆ. ಲೈಸೋಸೋಮಿನ ಒಂದೇ ಒಂದು ಕಿಣ್ವದ ಕೊರತೆಯಿರುವ ಪಾಂಪೆ ಕಾಯಿಲೆಯವರಿಗೆ 2006ರಿಂದ ಸಿಗುತ್ತಿರುವ ಕಿಣ್ವದ ಡ್ರಿಪ್ ಜೀವಕೋಶದೊಳಗೆ ಹೋಗುವುದು ಇದೇ ಗುರುತು ಹಿಡಿದು. ಐ-ಸೆಲ್ ಮಕ್ಕಳಿಗೆ ಒಂದಲ್ಲ, ಹತ್ತಾರು ಕಿಣ್ವ ಬೇಕು. ಅವರಿಗೆ ಅಂಥ ಚಿಕಿತ್ಸೆ ಬಂದಿಲ್ಲ.

ಇನ್ನೂ ವಿಚಿತ್ರವಾದದ್ದು ಪ್ರೈಮರಿ ಹೈಪರಾಕ್ಸಲೂರಿಯಾ, ಅಂದರೆ ಕಲ್ಲು ಕಟ್ಟುವ ಆಕ್ಸಲೇಟ್ ಎಂಬ ವಸ್ತು ಮೈಯಲ್ಲಿ ವಿಪರೀತ ಹೆಚ್ಚುವ ಆನುವಂಶಿಕ ಕಾಯಿಲೆ. ಯಕೃತ್ತಿನ ಎಜಿಟಿ ಎಂಬ ಕಿಣ್ವ ಜೀವಕೋಶದೊಳಗಿನ ಪೆರಾಕ್ಸಿಸೋಮು ಎಂಬ ಕೋಣೆಯಲ್ಲಿ ಕೂತು, ಆಕ್ಸಲೇಟ್ ಆಗಬಹುದಾದ ವಸ್ತುವನ್ನು ಗ್ಲೈಸಿನ್ ಆಗಿ ಬದಲಿಸುತ್ತದೆ. ಕೆಲವು ರೋಗಿಗಳಲ್ಲಿ ಈ ಕಿಣ್ವ ಮೈಟೋಕಾಂಡ್ರಿಯಾ ಎಂಬ ಬೇರೆ ಕೋಣೆಗೆ ಹೋಗಿ ಕೂರುತ್ತದೆ. ಅಲ್ಲಿ ಚುರುಕಾಗಿಯೇ ಇರುತ್ತದೆ, ಆದರೆ ಕೆಲಸವಿರುವುದು ಇನ್ನೊಂದು ಕೋಣೆಯಲ್ಲಿ. ಆಕ್ಸಲೇಟ್ ಉಕ್ಕಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ತಮಾಷೆಯೆಂದರೆ ಬೆಕ್ಕಿನಲ್ಲಿ ಎಜಿಟಿ ಇರುವುದೇ ಹೆಚ್ಚಾಗಿ ಮೈಟೋಕಾಂಡ್ರಿಯಾದಲ್ಲಿ, ಮೊಲದಲ್ಲಿ ಪೆರಾಕ್ಸಿಸೋಮಿನಲ್ಲಿ! ಮಾಂಸ ತಿನ್ನುವವಕ್ಕೆ ಆಕ್ಸಲೇಟ್ ಆಗಬಹುದಾದ ಆ ವಸ್ತು ಹುಟ್ಟುವುದು ಒಂದು ಕಡೆ, ಸೊಪ್ಪು ತಿನ್ನುವವಕ್ಕೆ ಇನ್ನೊಂದು ಕಡೆ. ಬೆಕ್ಕಿಗೆ ಸರಿಯಾದ ವಿಳಾಸ ನಮಗೆ ರೋಗ.

ಹೀಗೆ ದಾರಿ ತಪ್ಪುವ ರೂಪದ ಕಾಯಿಲೆಯಲ್ಲಿ ಬಿ6 ವಿಟಮಿನ್ ಕೊಟ್ಟರೆ ಹಲವರಲ್ಲಿ ಆಕ್ಸಲೇಟ್ ಇಳಿಯುತ್ತದೆ. ಆದ್ದರಿಂದ ಮಗುವಿಗೆ ಮೂತ್ರಪಿಂಡದಲ್ಲಿ ಕಲ್ಲು ಕಂಡರೆ ಕಲ್ಲು ತೆಗೆಸಿ ಸುಮ್ಮನಾಗಬೇಡಿ. ಮೂತ್ರದ ಆಕ್ಸಲೇಟ್ ಪರೀಕ್ಷೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ.