ಕಾಳು ಒಯ್ದರು, ಸುಣ್ಣ ಬಿಟ್ಟರು

ಗೋಧಿ ಬಿಡಬೇಕಾಗಿ ಬಂದವರು ನನ್ನ ಬಳಿ ಸಾಮಾನ್ಯವಾಗಿ ಕೇಳುವುದು, "ಮೇಡಂ, ಮೆಕ್ಕೆಜೋಳದ ರೊಟ್ಟಿ ತಿನ್ನಬಹುದಾ?" ಧಾರಾಳವಾಗಿ ತಿನ್ನಿ, ಆದರೆ ಮೂರು ಹೊತ್ತೂ ಅದೇ ಬೇಡ ಅನ್ನುತ್ತೇನೆ. "ಮೆಕ್ಸಿಕೋ ಕಡೆಯವರು ದಿನಾ ಅದನ್ನೇ ತಿಂತಾರಲ್ಲ?" ಎಂಬ ಮರುಪ್ರಶ್ನೆ ಬರುತ್ತದೆ. ತಿನ್ನುತ್ತಾರೆ, ನಿಜ. ಆದರೆ ಅವರು ತಿನ್ನುವ ಹಿಟ್ಟೇ ಬೇರೆ.

ಮೆಕ್ಸಿಕೋದ ಪಕ್ಕದ ಗ್ವಾಟೆಮಾಲಾವನ್ನೇ ನೋಡಿ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಮನೆಗಳಲ್ಲಿ ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಜಾರಿಹೋಗುತ್ತದೆ. ಹಸಿಯಾಗಿಯೇ ರುಬ್ಬಿ, ಅಂಗೈಗಳ ನಡುವೆ ತಟ್ಟಿ, ಕೋಮಾಲ್ ಎಂಬ ಹೆಂಚಿನ ಮೇಲೆ ಬೇಯಿಸಿದರೆ ಟೋರ್ಟಿಯಾ ಸಿದ್ಧ. ಮೆಕ್ಸಿಕೋದ್ದಕ್ಕಿಂತ ಚಿಕ್ಕದು, ದಪ್ಪ. ನಮ್ಮ ಗಿರಣಿಯ ಒಣಹಿಟ್ಟಿನಂತೆ ಅಂಚು ಬಿರಿಯುವುದಿಲ್ಲ. ಮೆಕ್ಕೆಜೋಳದ ನಯಾಸಿನ್ ಎಂಬ ಬಿ ಜೀವಸತ್ವ ಬಹುಪಾಲು ಬೇರೆ ಪದಾರ್ಥಗಳಿಗೆ ಅಂಟಿಕೊಂಡಿರುವುದರಿಂದ ಮೈಗೆ ದಕ್ಕುವುದಿಲ್ಲ. ಸುಣ್ಣದ ಕ್ಷಾರ ಅದನ್ನು ಬಿಡಿಸಿಕೊಡುತ್ತದೆ. ಕ್ಯಾಲ್ಸಿಯಂ ಸಿಗುವುದು ಇನ್ನೊಂದು ಲಾಭ.

ಸ್ಪೇನ್‌ನವರು ಅಮೆರಿಕದಿಂದ ಕಾಳನ್ನು ಮನೆಗೆ ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. 1735ರಲ್ಲಿ ಸ್ಪೇನಿನ ಆಸ್ಟೂರಿಯಾಸ್‌ನಲ್ಲಿ ವೈದ್ಯ ಗಾಸ್ಪರ್ ಕಸಾಲ್ ಮೆಕ್ಕೆಜೋಳವನ್ನೇ ನಂಬಿ ಬದುಕಿದ್ದ ಬಡವರಲ್ಲಿ ಒಂದು ರೋಗವನ್ನು ಗುರುತಿಸಿದ: ಚರ್ಮ ಕಪ್ಪಾಗಿ ಸುಲಿಯುತ್ತಿತ್ತು, ಕೈಕಾಲು ಸೋಲುತ್ತಿತ್ತು. ಮುಂದೆ ಪೆಲಾಗ್ರಾ ಎಂದು ಹೆಸರಾದ, ನಯಾಸಿನ್ ಕೊರತೆಯ ರೋಗ ಇದೇ. ನಮ್ಮ ದಖ್ಖನ್‌ನಲ್ಲಿ ಬಿಳಿಜೋಳವೊಂದನ್ನೇ ಉಣ್ಣುತ್ತಿದ್ದ ಬಡವರಲ್ಲೂ ಅದು ಕಂಡಿತ್ತು.

1524ರಲ್ಲಿ ಸ್ಪೇನಿನ ದಂಡನಾಯಕ ಪೆದ್ರೋ ದೆ ಅಲ್ವಾರಾಡೋ ದಂಡೆತ್ತಿ ಬಂದಮೇಲೆ ಗ್ವಾಟೆಮಾಲಾಕ್ಕೆ ಹಂದಿ, ದನ, ಗೋಧಿ, ಅಕ್ಕಿ, ಕಬ್ಬು, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ದಾಲ್ಚಿನ್ನಿ ಎಲ್ಲ ಸೇರಿದವು. ಇವುಗಳಲ್ಲಿ ಅಡುಗೆಯ ಚಹರೆಯನ್ನೇ ಬದಲಿಸಿದ್ದು ಹಂದಿಯ ಕೊಬ್ಬು ಎಂಬುದು ನನ್ನ ಅಭಿಪ್ರಾಯ. ಅದುವರೆಗೆ ಮಾಯಾ ಒಲೆಯಲ್ಲಿ ಕುದಿಸುವುದು, ಹಬೆಯಲ್ಲಿಡುವುದು, ಸುಡುವುದೇ ಹೆಚ್ಚು. ಕರಿಯುವ ರೂಢಿ ಇರಲಿಲ್ಲವೆನ್ನಬಹುದು. ಈಗ ತಮಾಲ್ ಎಂಬ, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬಿನ ಹಿಟ್ಟಿಗೆ ಕೊಬ್ಬು ನಾದುತ್ತಾರೆ, ಬೆಂದ ಕಪ್ಪು ಬೀನ್ಸ್ ಕಾಳನ್ನು ಅರೆದು, ಬಾಣಲೆಯಲ್ಲಿ ಮುದ್ದೆಯಾಗಿ ಮಗುಚುವಂತಾಗುವ ತನಕ ಹುರಿಯುತ್ತಾರೆ. (ಶನಿವಾರ ಸಂಜೆ ಮನೆಯ ಮುಂದೆ ಕೆಂಪು ದೀಪ ಕಂಡರೆ ಅಲ್ಲಿ ತಮಾಲ್ ಮಾರಾಟಕ್ಕಿದೆ ಎಂದರ್ಥ.)

ಎರಡೂ ಕಡೆಯದು ಒಂದೇ ಪಾತ್ರೆಯಲ್ಲಿ ಕೂಡುವುದನ್ನು ನೋಡಬೇಕಾದರೆ ಪೆಪಿಯಾನ್ ಎಂಬ ಸಾರು ಮಾಡುವವರ ಪಕ್ಕ ನಿಲ್ಲಬೇಕು. ಕುಂಬಳಬೀಜ, ಎಳ್ಳು, ಒಣಮೆಣಸಿನಕಾಯಿ, ದಾಲ್ಚಿನ್ನಿಗಳನ್ನು ಕೋಮಾಲ್ ಮೇಲೆ ಹುರಿಯುತ್ತಾರೆ, ಟೊಮೆಟೊ ಈರುಳ್ಳಿ ಬೆಳ್ಳುಳ್ಳಿಯನ್ನು ಕಪ್ಪು ಕಲೆ ಬೀಳುವ ತನಕ ಸುಡುತ್ತಾರೆ. ಎಲ್ಲ ಸೇರಿಸಿ ರುಬ್ಬಿ ಕೋಳಿ ಬೆಂದ ನೀರಿಗೆ ಹಾಕಿದರೆ ನಮ್ಮ ಹುರಿದ ಮಸಾಲೆಯ ಸಾರಿಗೆ ದೂರದ ನೆಂಟನೇ. ಮಂದವಾಗಲು ಸುಟ್ಟ ಟೋರ್ಟಿಯಾ ಸೇರಿಸುತ್ತಾರೆ, ಕೆಲವು ಮನೆಗಳಲ್ಲಿ ಬ್ರೆಡ್. ಬೇಯುವ ತರಕಾರಿಯಲ್ಲಿ ಸೀಮೆಬದನೆಯೂ ಇರುತ್ತದೆ. ಅದರ ತವರು ಆ ಕಡೆಯೇ. ಜೊತೆಗೆ ಬಡಿಸುವ ಅನ್ನ ಮಾತ್ರ ಸ್ಪೇನ್‌ನವರ ಮೂಲಕ ಬಂದದ್ದು. ಕೋಬಾನ್ ಕಡೆಯ ಕೆಕ್ಚಿ ಜನರ ಕಾಕ್‌ಇಕ್ ಎಂಬ ಟರ್ಕಿ ಕೋಳಿ ಸಾರನ್ನು ಅಪ್ಪಟ ಮಾಯಾ ಅಡುಗೆ ಅನ್ನುತ್ತಾರೆ. ಅದಕ್ಕೂ ಕೊತ್ತಂಬರಿ, ಪುದೀನ ಬೀಳುತ್ತದೆ! 2007ರಲ್ಲಿ ಸರ್ಕಾರ ದೇಶದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿದ ಅಡುಗೆಗಳಲ್ಲಿ ಇವೆರಡೂ ಇವೆ.

ಇಷ್ಟೆಲ್ಲ ಹೊಗಳಿದರೂ ಒಂದು ಮಾತು ಹೇಳಲೇಬೇಕು. 2014–15ರ ಸಮೀಕ್ಷೆಯಂತೆ ಗ್ವಾಟೆಮಾಲಾದ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಟೋರ್ಟಿಯಾದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಬೀನ್ಸ್ ಕಾಳಿನಲ್ಲಿದೆ. ಆ ಕಾಳಿಗೂ ಕಾಸಿಲ್ಲದ ಮನೆಯಲ್ಲಿ ಟೋರ್ಟಿಯಾಕ್ಕೆ ಉಪ್ಪೇ ಗತಿ. 1949ರಲ್ಲಿ ಗ್ವಾಟೆಮಾಲಾ ನಗರದಲ್ಲಿ ಶುರುವಾದ ಇನ್‌ಕಾಪ್ ಎಂಬ ಪೌಷ್ಟಿಕತಾ ಸಂಸ್ಥೆ ಇದಕ್ಕೆಂದೇ ಮೆಕ್ಕೆಜೋಳದ ಜೊತೆ ಹತ್ತಿಬೀಜದ ಹಿಟ್ಟು ಬೆರೆಸಿ ಇನ್‌ಕಪರೀನಾ ಎಂಬ ಪುಡಿ ತಯಾರಿಸಿತು. ತಾಯಂದಿರು ಅದನ್ನು ಆಟೋಲ್‌ನಂತೆ, ಅಂದರೆ ಅಜ್ಜಿಯರ ಕಾಲದ ಮೆಕ್ಕೆಜೋಳದ ಗಂಜಿಯಂತೆ, ಕಾಯಿಸಿ ಮಕ್ಕಳಿಗೆ ಕುಡಿಸಿದರು. ಔಷಧಿ ಎಂದು ಕೊಟ್ಟಿದ್ದರೆ ಅದು ಇಂದಿಗೂ ಅಂಗಡಿಯಲ್ಲಿ ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ.